ಸ್ಟ್ರೆಂತ್ 90, ಕ್ವಾಲಿಟಿ 40: ಟ್ಯೂನರ್ ಪಕ್ಕದಲ್ಲೇ ಹುಟ್ಟುವ ಗದ್ದಲ

ದಾವಣಗೆರೆಯಲ್ಲಿ ಯಾವ ಮಾಳಿಗೆ ಹತ್ತಿ ನೋಡಿದರೂ ಫ್ರೀ ಡಿಶ್ ತಟ್ಟೆಗಳು ಆಗ್ನೇಯಕ್ಕೇ ಮುಖ ಮಾಡಿರುತ್ತವೆ. ಉತ್ತರದಿಂದ ಬಲಕ್ಕೆ ಸುಮಾರು 128 ಡಿಗ್ರಿ, ನೆಲಮಟ್ಟದಿಂದ ಮೇಲಕ್ಕೆ 63ರಿಂದ 64 ಡಿಗ್ರಿ. 93.5 ಡಿಗ್ರಿ ಪೂರ್ವದಲ್ಲಿರುವ ಜಿಸ್ಯಾಟ್-15 ಉಪಗ್ರಹ ಇಲ್ಲಿಂದ ಸಿಗುವ ಜಾಗ ಅದು. ಚಿತ್ರದುರ್ಗಕ್ಕೆ ಹೋದರೂ ವ್ಯತ್ಯಾಸ ಅರ್ಧ ಡಿಗ್ರಿಯ ಆಸುಪಾಸು. ಇಷ್ಟು ಎತ್ತರಕ್ಕೆ ನೋಡುವ ಡಿಶ್‌ಗೆ ಪಕ್ಕದ ಮನೆಯ ನೀರಿನ ಟ್ಯಾಂಕ್ ಅಡ್ಡ ಬರುವುದು ಅಪರೂಪ. ಆದರೂ ಒಂದು ದೂರು ಮತ್ತೆ ಮತ್ತೆ ಬರುತ್ತದೆ: ಸ್ಟ್ರೆಂತ್ 90 ತೋರಿಸುತ್ತೆ, ಕ್ವಾಲಿಟಿ ಮಾತ್ರ 40ರಲ್ಲಿ ಕುಣಿಯುತ್ತೆ, ಕೆಲವೇ ಕೆಲವು ಚಾನೆಲ್‌ಗಳು ಚೌಕ ಚೌಕವಾಗಿ ಒಡೆಯುತ್ತವೆ.

ಆಗ ಮೊದಲು ಡಿಶ್ ತಿರುಗಿಸುತ್ತಾರೆ, ಆಮೇಲೆ ಎಲ್‌ಎನ್‌ಬಿ (ಡಿಶ್ ಮುಂದಿನ ಕೋಲಿನ ತುದಿಯಲ್ಲಿ ಸಿಗ್ನಲ್ ಹಿಡಿಯುವ ಭಾಗ) ಬದಲಿಸುತ್ತಾರೆ, ಕೊನೆಗೆ ಕೇಬಲ್. ಇವು ಮೂರೂ ಸರಿಯಿದ್ದು, ಒಂದೇ ಟ್ರಾನ್ಸ್‌ಪಾಂಡರ್‌ನ (ಹಲವು ಚಾನೆಲ್‌ಗಳನ್ನು ಒಟ್ಟಿಗೆ ಒಂದೇ ಆವರ್ತನದಲ್ಲಿ ಕಳಿಸುವ ಉಪಗ್ರಹದ ಘಟಕದ) ಚಾನೆಲ್‌ಗಳು ಮಾತ್ರ ಕೈಕೊಡುತ್ತಿದ್ದರೆ ಒಂದು ಸಣ್ಣ ಪರೀಕ್ಷೆ ಮಾಡಿ. ಕೆಂಪು-ಬಿಳಿ-ಹಳದಿ ಪಿನ್ನಿನ ಎವಿ ಕೇಬಲ್ ಹಾಕಿ ಟಿವಿಯನ್ನು ಎವಿಗೆ ತನ್ನಿ, ಸಿಗ್ನಲ್ ಮೆನು ತೆರೆಯಿರಿ, ಈಗ ಎಚ್‌ಡಿಎಂಐ ಕೇಬಲ್ಲನ್ನು ಬಾಕ್ಸಿನಿಂದ ಕಿತ್ತುಬಿಡಿ. ಕ್ವಾಲಿಟಿ ಏಕಾಏಕಿ ಮೇಲೇರಿ ನಿಂತರೆ, ತೊಂದರೆ ಮಾಳಿಗೆಯ ಮೇಲಿಲ್ಲ. ಬಾಕ್ಸು ತನ್ನ ಸದ್ದನ್ನು ತಾನೇ ಕೇಳಿಸಿಕೊಳ್ಳುತ್ತಿದೆ.

ಸ್ಟ್ರೆಂತ್ ಎಂಬ ಅಂಕಿ ಯಾಕೆ ಮೋಸ ಮಾಡುತ್ತದೆ ಎಂಬುದನ್ನು ಇಲ್ಲೇ ಹೇಳಿಬಿಡಬೇಕು. ಹೆಚ್ಚಿನ ಬಾಕ್ಸ್‌ಗಳಲ್ಲಿ ಅದು ಟ್ಯೂನರಿನ, ಅಂದರೆ ಬೇಕಾದ ಆವರ್ತನವನ್ನು ಆರಿಸುವ ಭಾಗದ ಎಜಿಸಿ, ಅಂದರೆ ತಾನಾಗಿ ಗೇನ್ ಏರಿಳಿಸಿಕೊಳ್ಳುವ ಸರ್ಕ್ಯೂಟಿನ ಓದು. ಒಳಗೆ ಬಂದದ್ದು ಸಿಗ್ನಲ್ಲೋ ಗದ್ದಲವೋ ಎಂದು ಎಜಿಸಿ ವಿಚಾರಿಸುವುದಿಲ್ಲ, ಒಟ್ಟು ಪವರ್ ಎಷ್ಟು ಎಂದಷ್ಟೇ ನೋಡುತ್ತದೆ. ಸಂತೆಯಲ್ಲಿ ಸದ್ದು ಜೋರಿದೆ ಎಂದಮಾತ್ರಕ್ಕೆ ವ್ಯಾಪಾರಿಯ ಮಾತು ಕೇಳಿಸಿತು ಎಂದರ್ಥವಲ್ಲ.

ಟ್ಯೂನರ್ ಬಾಗಿಲಿಗೆ ಬರುವುದು ಎಷ್ಟು?

ಆಕಾಶದಿಂದ 10.7ರಿಂದ 12.75 ಗಿಗಾಹರ್ಟ್ಸ್‌ನಲ್ಲಿ ಬಂದದ್ದನ್ನು ಎಲ್‌ಎನ್‌ಬಿ ಕೆಳಗಿಳಿಸಿ 950ರಿಂದ 2150 ಮೆಗಾಹರ್ಟ್ಸ್ ನಡುವೆ ತಂದು ಕೇಬಲ್ಲಿಗೆ ಹಾಕುತ್ತದೆ. ಫ್ರೀ ಡಿಶ್‌ನ 11090 ಮೆಗಾಹರ್ಟ್ಸ್ ವರ್ಟಿಕಲ್ (ಅಲೆ ಲಂಬವಾಗಿ ಕಂಪಿಸುವ) ಟ್ರಾನ್ಸ್‌ಪಾಂಡರನ್ನೇ ತೆಗೆದುಕೊಳ್ಳಿ. ಯೂನಿವರ್ಸಲ್ ಎಲ್‌ಎನ್‌ಬಿಯ ಕೆಳ ಆಸಿಲೇಟರ್ (ಆವರ್ತನ ಕೆಳಗಿಳಿಸಲು ಒಳಗೇ ಹುಟ್ಟಿಸುವ ಅಲೆ) 9750. ಕಳೆದರೆ 1340. ಸಿಂಬಲ್ ರೇಟ್ (ಸೆಕೆಂಡಿಗೆ ಕಳಿಸುವ ಸಂಕೇತಗಳು, ಸಾವಿರಗಳಲ್ಲಿ) 29500 ಇದ್ದು ರೋಲ್-ಆಫ್ (ಅಂಚಿಗೆ ಹಿಡಿಯುವ ಹೆಚ್ಚುವರಿ ಜಾಗ) 35 ಶೇಕಡಾ ಎಂದರೆ ಈ ಟ್ರಾನ್ಸ್‌ಪಾಂಡರ್ ಕೇಬಲ್‌ನಲ್ಲಿ ಹಿಡಿಯುವ ಜಾಗ ಸುಮಾರು 40 ಮೆಗಾಹರ್ಟ್ಸ್, ಅಂದರೆ 1320ರಿಂದ 1360. ಈ ಎರಡು ಅಂಕಿಗಳು ನೆನಪಿರಲಿ, ಮುಂದೆ ಪದೇ ಪದೇ ಬರುತ್ತವೆ.

ಡಿಶ್ ಚೆನ್ನಾಗಿದ್ದು ಕೇಬಲ್ 20 ಮೀಟರ್ ಒಳಗಿದ್ದರೆ ಒಂದೊಂದು ಚಾನೆಲ್ ಸುಮಾರು -40 ಡಿಬಿಎಂ (ಒಂದು ಮಿಲಿವ್ಯಾಟಿಗೆ ಹೋಲಿಸಿದ ಪವರ್; ಪ್ರತಿ 10 ಡಿಬಿ ಇಳಿದರೆ ಪವರ್ ಹತ್ತನೇ ಒಂದು) ಮಟ್ಟದಲ್ಲಿ ಬರುತ್ತದೆ. ಕೇಬಲ್ ಉದ್ದವಾಗಿ, ನಡುವೆ ಸ್ಪ್ಲಿಟರ್ ಕೂತು, ಎಲ್‌ಎನ್‌ಬಿ ಹಳೆಯದಾದರೆ -60ಕ್ಕೂ ಇಳಿಯಬಹುದು. ಟ್ಯೂನರ್ ವಿನ್ಯಾಸಕರು -65ರವರೆಗೂ ಕೆಲಸ ಮಾಡಬೇಕು ಎಂದು ಗುರಿ ಇಟ್ಟುಕೊಳ್ಳುತ್ತಾರೆ. -65 ಡಿಬಿಎಂ ಅಂದರೆ 75 ಓಮ್ ಮೇಲೆ ಸುಮಾರು 154 ಮೈಕ್ರೋವೋಲ್ಟ್. ಅಲ್ಲಿಂದ ಎರಡು ಇಂಚು ದೂರದಲ್ಲಿ ಡಿಡಿಆರ್3 ಮೆಮೊರಿಯ ಗೆರೆಗಳು 1.5 ವೋಲ್ಟ್ ಸಪ್ಲೈ ಮೇಲೆ ಕುಣಿಯುತ್ತಿರುತ್ತವೆ. ಹೆಚ್ಚುಕಡಿಮೆ ಹತ್ತು ಸಾವಿರ ಪಟ್ಟು. ಮೆಮೊರಿ ಕ್ಲಾಕಿನ ಮೇಲಿನ ಹಾರ್ಮೋನಿಕ್ (ಅದರ ಗುಣಕ ಆವರ್ತನ) 20-30 ಡಿಬಿ ಕೆಳಗಿರುತ್ತದೆ ಎಂದು ಬಿಟ್ಟರೂ, ಅದು ಸಿಗ್ನಲ್ಲಿನ ಜತೆಗಿರುವ ಸಹಜ ಗದ್ದಲದ ಮಟ್ಟಕ್ಕಿಂತ ಕೆಳಗೆ ಹೋಗಬೇಕಾದರೆ 60-70 ಡಿಬಿ ಅಂತರವನ್ನು ಬೋರ್ಡಿನ ಮೇಲೆ ಕಟ್ಟಬೇಕು.

ಅಂಗಡಿಯಲ್ಲಿ ಚೆನ್ನಾಗಿ ಓಡಿದ ಬಾಕ್ಸು ಮನೆಗೆ ಬಂದು ಮುನಿಸಿಕೊಳ್ಳುವುದಕ್ಕೂ ಇದೇ ಕಾರಣ. ಅಂಗಡಿಯಲ್ಲಿ -40 ಸಿಗುವಾಗ ಒಳಗದ್ದಲ ಮುಳುಗಿಹೋಗಿರುತ್ತದೆ. ಮನೆಯಲ್ಲಿ ಸಿಗ್ನಲ್ 20 ಡಿಬಿ ಇಳಿದಾಗ, ನೀರಿಳಿದ ಕೆರೆಯ ಬಂಡೆಯಂತೆ ಅದು ಎದ್ದು ಕಾಣುತ್ತದೆ.

ಎಷ್ಟು ಗದ್ದಲ ತಡೆದುಕೊಳ್ಳಬಹುದು ಎಂಬುದು ಮಾಡ್ಯುಲೇಷನ್, ಅಂದರೆ ಅಲೆಯ ಮೇಲೆ ಡೇಟಾ ಹೇರುವ ವಿಧಾನದ ಮೇಲೆ ನಿಂತಿದೆ. ಡಿವಿಬಿ-ಎಸ್2 (ಉಪಗ್ರಹ ಟಿವಿಯ ಮಾನದಂಡ) ಬಳಸುವ ಸರಳ ವಿಧಾನ ಕ್ಯೂಪಿಎಸ್‌ಕೆ 3/4ಕ್ಕೆ ಸಿಗ್ನಲ್ಲು ಗದ್ದಲಕ್ಕಿಂತ ಸುಮಾರು 4 ಡಿಬಿ ಮೇಲಿದ್ದರೆ ಸಾಕು. ಹೆಚ್ಚು ಡೇಟಾ ತುಂಬುವ 8ಪಿಎಸ್‌ಕೆ 3/4ಕ್ಕೆ 7.9 ಡಿಬಿ ಬೇಕು. ಆಕಾಶದಿಂದ 10 ಡಿಬಿ ಅಂತರದಲ್ಲಿ ಬಂದ ಸಿಗ್ನಲ್ಲಿಗೆ ಬಾಕ್ಸು ತನ್ನದೂ ಅಷ್ಟೇ ಗದ್ದಲ ಸೇರಿಸಿದರೆ ಉಳಿಯುವುದು 7. ಕ್ಯೂಪಿಎಸ್‌ಕೆ ಚಾನೆಲ್‌ಗಳು ಏನೂ ಆಗದಂತೆ ಓಡುತ್ತವೆ, 8ಪಿಎಸ್‌ಕೆ ಮೇಲೆ ಬರುವವು ಕಪ್ಪಾಗುತ್ತವೆ. ಒಂದು ಡಿಬಿಯೊಳಗೆ ಚಿತ್ರ ಪೂರ್ತಿ ಇದ್ದದ್ದು ಪೂರ್ತಿ ಹೋಗುತ್ತದೆ. ಹಳೇ ಅನಲಾಗ್ ಟಿವಿಯ ಹಾಗೆ ಮರಳು ಮರಳಾಗಿ ನಿಧಾನಕ್ಕೆ ಕೆಡುವ ಸೌಜನ್ಯ ಇದಕ್ಕಿಲ್ಲ.

ಗುಣಾಕಾರದಲ್ಲೇ ಅರ್ಧ ಉತ್ತರ

ಚೌಕಾಕಾರದ ಅಲೆ ಎಲ್ಲಿದೆಯೋ ಅಲ್ಲಿ ಅದರ ಗುಣಕಗಳಿರುತ್ತವೆ: ಅಪ್ಪಟ ಚೌಕವಾದರೆ ಬೆಸ ಗುಣಕಗಳು ಮಾತ್ರ, ನಿಜವಾದ ಕ್ಲಾಕ್ ಅಷ್ಟು ಅಪ್ಪಟವಿರದ ಕಾರಣ ಸಮ ಗುಣಕಗಳೂ. ಬಾಕ್ಸಿನೊಳಗಿನ ಕ್ಲಾಕ್‌ಗಳನ್ನು ಒಂದೊಂದಾಗಿ ಗುಣಿಸಿ, 1320-1360ರ ಕಿಟಕಿಯಲ್ಲಿ ಯಾರು ಬೀಳುತ್ತಾರೆ ನೋಡಿ.

ವಿಡಿಯೋದ ಮೂಲ ಕ್ಲಾಕ್ 27 ಮೆಗಾಹರ್ಟ್ಸ್: 49ನೇ ಗುಣಕ 1323, 50ನೆಯದು 1350. ಎರಡೂ ಒಳಗೆ. ಈಥರ್ನೆಟ್ ಇದ್ದರೆ ಅದರ 25 ಮೆಗಾಹರ್ಟ್ಸ್‌ನ 54ನೆಯದು ಮತ್ತೆ 1350. 1080ಪಿ ಚಿತ್ರ ಕಳಿಸುವ ಎಚ್‌ಡಿಎಂಐ ಕ್ಲಾಕ್ 148.5: ಒಂಬತ್ತನೆಯದು 1336.5, ನಡುಮಧ್ಯಕ್ಕೆ ಮೂರೂವರೆ ಮೆಗಾಹರ್ಟ್ಸ್ ದೂರದಲ್ಲಿ. 720ಪಿ ಅಥವಾ 1080ಐಗೆ ಇಳಿಸಿದರೆ ಕ್ಲಾಕ್ 74.25 ಆಗುತ್ತದೆ, ಅದರ 18ನೆಯದೂ ಅದೇ 1336.5. ಡಿಡಿಆರ್3-1333 ಮೆಮೊರಿಯ ಕ್ಲಾಕ್ ಸುಮಾರು 666.7: ಎರಡನೆಯದು 1333.

ಈಗ ಪಕ್ಕದ 11170 ಟ್ರಾನ್ಸ್‌ಪಾಂಡರ್ ನೋಡಿ. ಕೇಬಲ್‌ನಲ್ಲಿ ಅದು 1420, ಕಿಟಕಿ 1400-1440. ಮೆಮೊರಿಯ 1333 ಇಲ್ಲಿಲ್ಲ. ಚಿತ್ರ 1080ಪಿಯಲ್ಲಿದ್ದರೆ 148.5ರ ಗುಣಕಗಳು 1336.5 ಮತ್ತು 1485, ಎರಡೂ ಹೊರಗೆ. ಉಳಿದದ್ದು 27 ಮತ್ತು 25ರ ದೂರದ, ಬಡಕಲು ಗುಣಕಗಳು. ಒಂದೇ ಡಿಶ್, ಒಂದೇ ಎಲ್‌ಎನ್‌ಬಿ, ಒಂದೇ ಕೇಬಲ್ ಇದ್ದೂ 11090 ಒಡೆದು 11170 ಚೆನ್ನಾಗಿ ಬರುವುದರ ಗುಟ್ಟು ಈ ಮಗ್ಗಿಯಲ್ಲಿದೆ.

ಹಾಗಾಗಿ ವಿನ್ಯಾಸದ ಮೊದಲ ದಿನವೇ ಮಾಡಬೇಕಾದ ಕೆಲಸ ಒಂದು ಹಾಳೆಯ ಲೆಕ್ಕ. ಬಾಕ್ಸು ಹಿಡಿಯಬೇಕಾದ ಟ್ರಾನ್ಸ್‌ಪಾಂಡರ್‌ಗಳ ಕಿಟಕಿಗಳನ್ನು ಒಂದು ಕಡೆ, ಬೋರ್ಡಿನ ಎಲ್ಲ ಕ್ಲಾಕ್‌ಗಳ ಗುಣಕಗಳನ್ನು ಇನ್ನೊಂದು ಕಡೆ ಬರೆಯುವುದು. 27ನ್ನು ತಪ್ಪಿಸಲು ಆಗುವುದಿಲ್ಲ, 40 ಅಗಲದ ಕಿಟಕಿಯಲ್ಲಿ 27ರ ಗುಣಕ ಒಂದಾದರೂ ಬಿದ್ದೇ ಬೀಳುತ್ತದೆ. ಅದನ್ನು ಬಡವಾಗಿಸಬೇಕು ಅಷ್ಟೆ. ಮೆಮೊರಿಯ ವೇಗವನ್ನು ಮಾತ್ರ ಪಿಎಲ್‌ಎಲ್ (ಕ್ಲಾಕ್ ಹುಟ್ಟಿಸುವ ಸರ್ಕ್ಯೂಟ್) ರಿಜಿಸ್ಟರಿನಲ್ಲಿ ಸ್ವಲ್ಪ ಸರಿಸಿ ಕಿಟಕಿಯಿಂದ ಆಚೆ ಹಾಕಬಹುದು. ಪೈಸೆ ಖರ್ಚಿಲ್ಲದ ಈ ಕೆಲಸವನ್ನು ಬಿಟ್ಟು ಕೊನೆಗೆ ತಗಡಿನ ಮುಚ್ಚಳದ ಮೊರೆ ಹೋಗುವುದು ಯಾಕೋ ನಮ್ಮಲ್ಲಿ ರೂಢಿಯಾಗಿದೆ.

ಸ್ಪ್ರೆಡ್-ಸ್ಪೆಕ್ಟ್ರಮ್ ಕ್ಲಾಕ್ (ಆವರ್ತನವನ್ನು ಬೇಕೆಂದೇ ಸ್ವಲ್ಪ ಅಲ್ಲಾಡಿಸುವುದು) ಆನ್ ಮಾಡಿದರೆ ಸಾಕಲ್ಲ ಎನ್ನುವವರಿದ್ದಾರೆ. 1333ರ ಗುಣಕವನ್ನು ಅರ್ಧ ಶೇಕಡಾ ಹರಡಿದರೆ ಅದು ಸುಮಾರು 6.7 ಮೆಗಾಹರ್ಟ್ಸ್ ಅಗಲಕ್ಕೆ ಹರಡುತ್ತದೆ. ಲ್ಯಾಬಿನಲ್ಲಿ ಉಪಕರಣ ಹೊರಬಿಡುವ ಗದ್ದಲ ಅಳೆಯುವ ಇಎಂಐ ಯಂತ್ರ ಕಿರಿದಾದ ಕಿಟಕಿಯಲ್ಲಿ ಅಳೆಯುವುದರಿಂದ ಶಿಖರ ಇಳಿದು ಪಾಸಾಗುತ್ತದೆ. ಆದರೆ ನಮ್ಮ ಟ್ರಾನ್ಸ್‌ಪಾಂಡರ್ ಕಿಟಕಿ 40 ಮೆಗಾಹರ್ಟ್ಸ್. ಹರಡಿದ್ದೆಲ್ಲ ಅದರೊಳಗೇ ಉಳಿಯುತ್ತದೆ, ಒಟ್ಟು ಪವರ್ ಕಾಸಿನಷ್ಟೂ ಕಡಿಮೆಯಾಗುವುದಿಲ್ಲ. ಸರ್ಟಿಫಿಕೇಟಿಗೆ ಒಳ್ಳೆಯದು, ಟ್ಯೂನರಿಗೆ ಏನೂ ಇಲ್ಲ.

ಟ್ಯೂನರ್ ಮತ್ತು ಡಿಮಾಡ್ಯುಲೇಟರ್ (ಅಲೆಯಿಂದ ಡೇಟಾ ಬಿಡಿಸುವ ಭಾಗ) ಒಂದೇ ಚಿಪ್‌ನಲ್ಲಿ ಕೂತಾಗ ಇನ್ನೂ ಚೆಂದದ ಉಪಾಯವೊಂದಿದೆ. ಇವತ್ತಿನ ಟ್ಯೂನರ್‌ಗಳು ಸಾಮಾನ್ಯವಾಗಿ ಸಿಗ್ನಲ್ಲನ್ನು ನೇರವಾಗಿ ಸೊನ್ನೆಗೆ ಇಳಿಸುತ್ತವೆ. ಅಂದರೆ ಒಳ ಆಸಿಲೇಟರನ್ನು 1340ಕ್ಕೇ ಇಡುತ್ತವೆ. ಡಿಜಿಟಲ್ ಭಾಗದ ಕ್ಲಾಕನ್ನು ಬೇರೆ ಹರಳಿನಿಂದ ತರುವ ಬದಲು ಇದೇ 1340ನ್ನು 20ರಿಂದ ಭಾಗಿಸಿ 67 ಮೆಗಾಹರ್ಟ್ಸ್ ಮಾಡಿಕೊಂಡರೆ? ಅದರ ಗುಣಕಗಳು 1273, 1340, 1407. ನಡುವಿನದು ಸರಿಯಾಗಿ ಆಸಿಲೇಟರ್ ಮೇಲೇ ಬಿದ್ದು ಇಳಿದ ಮೇಲೆ ಡಿಸಿ (ಸೊನ್ನೆ ಆವರ್ತನ) ಆಗುತ್ತದೆ, ಡಿಸಿಯನ್ನು ಕಿತ್ತುಹಾಕುವುದು ಮಕ್ಕಳಾಟ. ಅಕ್ಕಪಕ್ಕದವು 67 ದೂರದಲ್ಲಿದ್ದು ಫಿಲ್ಟರಿಗೆ ಸಿಕ್ಕಿಬೀಳುತ್ತವೆ. ಚಾನೆಲ್ 1420ಕ್ಕೆ ಬದಲಾದರೆ 21ರಿಂದ ಭಾಗಿಸಿ, 67.6 ಬರುತ್ತದೆ. ಸಿಂಬಲ್ಲಿಗೆ ಎರಡಕ್ಕಿಂತ ಹೆಚ್ಚು ಸ್ಯಾಂಪಲ್ ಸಿಗುವವರೆಗೆ ಡಿಮಾಡ್ಯುಲೇಟರಿಗೆ ಕ್ಲಾಕ್ ಎಷ್ಟಿದ್ದರೂ ಅಡ್ಡಿಯಿಲ್ಲ, ಸಮಯ ಸರಿಹೊಂದಿಸುವ ಇಂಟರ್ಪೋಲೇಟರ್ ಅದರೊಳಗೇ ಇರುತ್ತದೆ. ಗದ್ದಲವನ್ನು ತಡೆಯದೆ, ಅದು ಬೀಳುವ ಜಾಗವನ್ನು ನಾವೇ ಗೊತ್ತುಮಾಡುವ ದಾರಿ ಇದು.

ಸೊನ್ನೆಗೆ ಇಳಿಸಿದ ಮೇಲಿನ ಫಿಲ್ಟರಿನ ಅಗಲವನ್ನೂ ಜಿಪುಣತನದಿಂದಲೇ ಇಡಬೇಕು. ಸಿಗ್ನಲ್ಲಿಗೆ 20 (40ರ ಅರ್ಧ), ಎಲ್‌ಎನ್‌ಬಿ ಬಿಸಿಲಿಗೆ ಸರಿದಾಡುವುದಕ್ಕೆ 3, ಒಟ್ಟು 23 ಮೆಗಾಹರ್ಟ್ಸ್ ಸಾಕು. ಎಲ್ಲ ಚಾನೆಲ್‌ಗೂ 35 ಎಂದು ಬರೆದಿಟ್ಟ ಸಾಫ್ಟ್‌ವೇರ್ ಇನ್ನೊಂದೆರಡು ಗುಣಕಗಳನ್ನು ಬಾಗಿಲು ತೆರೆದು ಕರೆದಂತೆ.

ಸಪ್ಲೈ ದಾರಿಯಲ್ಲಿ ಬರುವುದು

ಗದ್ದಲ ಗಾಳಿಯಲ್ಲೇ ಹಾರಿಬರಬೇಕಿಲ್ಲ. ಟ್ಯೂನರಿನ ಆಸಿಲೇಟರಿಗೆ ಊಟ ಹಾಕುವ 3.3 ವೋಲ್ಟ್ ಗೆರೆಯೇ ಅದಕ್ಕೆ ರಾಜಮಾರ್ಗ. ಸಪ್ಲೈ ಒಂದು ವೋಲ್ಟ್ ಬದಲಾದರೆ ಆಸಿಲೇಟರ್ 5 ಮೆಗಾಹರ್ಟ್ಸ್ ಸರಿಯುತ್ತದೆ ಎಂದಿಟ್ಟುಕೊಳ್ಳಿ. ಬಕ್ ಕನ್ವರ್ಟರ್ (ಸ್ವಿಚ್ ಮಾಡುತ್ತ ವೋಲ್ಟೇಜ್ ಇಳಿಸುವ ಸರ್ಕ್ಯೂಟ್) 500 ಕಿಲೋಹರ್ಟ್ಸ್‌ನಲ್ಲಿ ಸ್ವಿಚ್ ಆಗುತ್ತ 10 ಮಿಲಿವೋಲ್ಟ್ ಅಲೆ ಬಿಟ್ಟರೆ ಆಸಿಲೇಟರ್ 50 ಕಿಲೋಹರ್ಟ್ಸ್ ಅತ್ತಿತ್ತ ತೂಗುತ್ತದೆ. 50ನ್ನು 500ರಿಂದ ಭಾಗಿಸಿದರೆ 0.1, ಅದರ ಅರ್ಧ 0.05, ಡಿಬಿಯಲ್ಲಿ -26. ಆಸಿಲೇಟರಿನ ಎರಡೂ ಮಗ್ಗುಲಿಗೆ -26 ಡಿಬಿಯ ಮುಳ್ಳು. ನಡುವೆ, 500 ಕಿಲೋಹರ್ಟ್ಸ್‌ನಲ್ಲೂ 40 ಡಿಬಿ ತಡೆಯುವ ಎಲ್‌ಡಿಒ (ಸ್ವಿಚ್ ಮಾಡದೆ ವೋಲ್ಟೇಜ್ ಸ್ಥಿರವಾಗಿಡುವ ರೆಗ್ಯುಲೇಟರ್) ಒಂದನ್ನು ಇಟ್ಟರೆ ಅದು -66ಕ್ಕೆ ಇಳಿಯುತ್ತದೆ. ಡೇಟಾಶೀಟಿನ ಮೊದಲ ಪುಟದಲ್ಲಿ ಬರೆದಿರುವ ತಡೆಯುವ ಶಕ್ತಿ ಬಹಳ ಸಲ 1 ಕಿಲೋಹರ್ಟ್ಸ್‌ನದು. ಒಳಗಿನ ಗ್ರಾಫ್ ನೋಡಿ 500ರಲ್ಲಿ ಎಷ್ಟಿದೆ ಎಂದು ಖಾತ್ರಿ ಮಾಡಿಕೊಳ್ಳಿ.

ಎಲ್‌ಡಿಒ ದುಬಾರಿ ಎಂದು ಫೆರೈಟ್ ಬೀಡ್ ಮತ್ತು 100 ನ್ಯಾನೋಫ್ಯಾರಡ್ ಕೆಪಾಸಿಟರ್ ಹಾಕಿ ಕೈತೊಳೆದುಕೊಳ್ಳುವುದುಂಟು. ಇದರಲ್ಲೊಂದು ಗುಂಡಿ ಇದೆ. ಬೀಡ್ ಎಂಬುದು 100 ಮೆಗಾಹರ್ಟ್ಸ್‌ನಲ್ಲಿ ರೆಸಿಸ್ಟರ್ ಇದ್ದ ಹಾಗೆ, 500 ಕಿಲೋಹರ್ಟ್ಸ್‌ನಲ್ಲಿ ಬರೀ ಸುರುಳಿ. ಅದರ ಇಂಡಕ್ಟನ್ಸ್ 1 ಮೈಕ್ರೋಹೆನ್ರಿ ಆದರೆ, 100 ನ್ಯಾನೋಫ್ಯಾರಡ್ ಜತೆ ಸೇರಿ ಅನುರಣಿಸುವುದು 503 ಕಿಲೋಹರ್ಟ್ಸ್‌ನಲ್ಲಿ. ಸರಿಯಾಗಿ ಬಕ್ ಕನ್ವರ್ಟರಿನ ಮೇಲೇ! ಅಲೆಯನ್ನು ತಗ್ಗಿಸಲೆಂದು ಹಾಕಿದ ಫಿಲ್ಟರ್ ಅದನ್ನು ಹಿಗ್ಗಿಸಿ ಕೊಡುತ್ತದೆ. ಮದ್ದು ಸುಲಭ: 10 ಮೈಕ್ರೋಫ್ಯಾರಡ್ ಕೆಪಾಸಿಟರಿಗೆ 3.3 ಓಮ್ ಸರಣಿಯಲ್ಲಿ ಸೇರಿಸಿ 100 ನ್ಯಾನೋಗೆ ಸಮಾಂತರವಾಗಿ ಕೂರಿಸಿದರೆ ಅನುರಣನ ಸಾಯುತ್ತದೆ. ರೆಸಿಸ್ಟರ್ ಬಿಟ್ಟು ಬರಿ ಕೆಪಾಸಿಟರ್ ಹಾಕಿದರೆ ಶಿಖರ ಬೇರೆ ಜಾಗಕ್ಕೆ ಹೋಗುತ್ತದೆ, ಹೋಗಿ ಅಲ್ಲೇ ಇರುತ್ತದೆ.

100 ನ್ಯಾನೋಫ್ಯಾರಡ್ ಕೆಪಾಸಿಟರ್ 20 ಮೆಗಾಹರ್ಟ್ಸ್ ದಾಟಿದ ಮೇಲೆ ತಾನೇ ಸುರುಳಿಯಂತೆ ವರ್ತಿಸುತ್ತದೆ. 1300 ಮೆಗಾಹರ್ಟ್ಸ್ ಗದ್ದಲವನ್ನು ನೆಲಕ್ಕಿಳಿಸಬೇಕಾದರೆ 0402 ಅಳತೆಯ 33 ಪಿಕೋಫ್ಯಾರಡ್ ಬೇಕು, ಅದೂ ಚಿಪ್ಪಿನ ಪಿನ್ನಿಗೆ ಅಂಟಿಕೊಂಡಂತೆ.

ಹಳೆಯ ಬಾಕ್ಸ್‌ಗಳಲ್ಲಿ ಇದೇ ಕಾಯಿಲೆ ತಡವಾಗಿ ಹುಟ್ಟುತ್ತದೆ. ಏಪ್ರಿಲ್ ಬಿಸಿಲಲ್ಲಿ ತಗಡಿನ ಮನೆಯೊಳಗೆ, ಟಿವಿ ಹಿಂದೆ ಗಾಳಿಯಾಡದ ಗೂಡಿನಲ್ಲಿ ಕೂತ ಬಾಕ್ಸಿನ ಎಲೆಕ್ಟ್ರೋಲಿಟಿಕ್ ಕೆಪಾಸಿಟರುಗಳು ಒಣಗುತ್ತವೆ. ಶಾಖ 10 ಡಿಗ್ರಿ ಏರಿದರೆ ಅವುಗಳ ಆಯುಸ್ಸು ಅರ್ಧ ಎಂಬುದು ಕಸುಬಿನವರ ಲೆಕ್ಕ. ತಲೆ ಉಬ್ಬಿದ್ದರೆ ಕಣ್ಣಿಗೇ ಕಾಣುತ್ತದೆ. ಉಬ್ಬದೆಯೂ ಇಎಸ್‌ಆರ್ (ಕೆಪಾಸಿಟರಿನ ಒಳ ರೆಸಿಸ್ಟೆನ್ಸ್) ಏರಿ ಅಲೆ ಹೆಚ್ಚಿಸಬಹುದು. ಬದಲಿಸುವಾಗ 105 ಡಿಗ್ರಿಯ, ಕಡಿಮೆ ಇಎಸ್‌ಆರ್‌ನದನ್ನೇ ಹಾಕಿ. ಹಾರಿಜಾಂಟಲ್ ಚಾನೆಲ್‌ಗಳು ಮಾತ್ರ ಕೆಡುತ್ತಿದ್ದರೆ ಎಲ್‌ಎನ್‌ಬಿಗೆ 18 ವೋಲ್ಟ್ ಏರಿಸಿ ಕೊಡುವ ಬೂಸ್ಟ್ ಭಾಗವನ್ನು ಮೊದಲು ನೋಡಿ: ವರ್ಟಿಕಲ್‌ಗೆ 13 ವೋಲ್ಟ್ ಸಾಕು, 18ರಲ್ಲಿ ಅದು ಹೆಚ್ಚು ದುಡಿಯುತ್ತದೆ.

ಬೋರ್ಡು, ಕೋಟೆ, ಕಿಂಡಿ

ಗ್ರೌಂಡನ್ನು ಡಿಜಿಟಲ್, ಅನಲಾಗ್ ಎಂದು ಎರಡಾಗಿ ಸೀಳಬೇಕೆಂಬ ಹಳೇ ಪಾಠವನ್ನು ಇಲ್ಲಿ ಮರೆಯಿರಿ. ವೇಗದ ಸಿಗ್ನಲ್ಲಿನ ಕರೆಂಟು ತನ್ನ ಗೆರೆಯ ಕೆಳಗೇ ವಾಪಸ್ ಬರಲು ಬಯಸುತ್ತದೆ. ದಾರಿಯಲ್ಲಿ ಸೀಳು ಸಿಕ್ಕರೆ ಸುತ್ತು ಹಾಕುತ್ತದೆ, ಆ ಸುತ್ತೇ ಆಂಟೆನಾ. ಗ್ರೌಂಡ್ ಒಂದೇ ಹಾಸಾಗಿರಲಿ, ಟ್ಯೂನರ್ ಒಂದು ಮೂಲೆಗೆ, ಮೆಮೊರಿ ಎದುರು ಮೂಲೆಗೆ ಹೋಗಲಿ. ಪಿನ್ನನ್ನು ಗ್ರೌಂಡಿಗೆ ಇಳಿಸುವ ಒಂದು ವಯಾ (ಬೋರ್ಡಿನ ಪದರಗಳನ್ನು ಕೂಡಿಸುವ ಲೋಹದ ತೂತು) ಸುಮಾರು 1 ನ್ಯಾನೋಹೆನ್ರಿ. 1350 ಮೆಗಾಹರ್ಟ್ಸ್‌ನಲ್ಲಿ ಅದು ಎಂಟೂವರೆ ಓಮ್. ಎಂಟೂವರೆ ಓಮ್ ಮೇಲೆ ನಿಂತದ್ದನ್ನು ಗ್ರೌಂಡ್ ಎನ್ನಲಾಗದು. ಚಿಪ್ಪಿನ ಹೊಟ್ಟೆಯ ಪ್ಯಾಡಿಗೆ ಒಂಬತ್ತಾದರೂ ವಯಾ ಹೊಡೆಯಿರಿ.

ಟ್ಯೂನರಿಗೆ ಹೋಗಲೇಬೇಕಾದ ಗೆರೆಗಳು ಕೆಲವೇ, ಒಂದೊಂದೂ ಗದ್ದಲದ ಸೇತುವೆ. ಐ2ಸಿ ಎಂಬ, ಚಿಪ್‌ಗಳು ಪರಸ್ಪರ ಮಾತಾಡುವ ಗೆರೆಗಳ ಮೇಲೆ ಇಡೀ ಬಾಕ್ಸಿನ ಹರಟೆ ನಡೆಯುತ್ತಿರುತ್ತದೆ, ಟ್ಯೂನರಿಗೆ ಅದರ ಅಗತ್ಯ ಚಾನೆಲ್ ಬದಲಿಸುವಾಗ ಮಾತ್ರ. ಅದಕ್ಕೇ ಅನೇಕ ಡಿಮಾಡ್ಯುಲೇಟರ್‌ಗಳಲ್ಲಿ ಐ2ಸಿ ರಿಪೀಟರ್ ಎಂಬ ಬಾಗಿಲಿರುತ್ತದೆ. ಬರೆಯುವಾಗ ತೆರೆ, ಬರೆದ ಮೇಲೆ ಮುಚ್ಚು. ಮುಚ್ಚಲು ಮರೆತ ಸಾಫ್ಟ್‌ವೇರಿನಿಂದ ಕ್ವಾಲಿಟಿ ತೂಗಾಡಿದರೆ ಅದನ್ನು ಹಾರ್ಡ್‌ವೇರ್‌ನಲ್ಲಿ ಎಷ್ಟು ಹುಡುಕಿದರೂ ಸಿಗುವುದಿಲ್ಲ. ಎಜಿಸಿ ಗೆರೆಯೂ ಹಾಗೇ: ಡಿಮಾಡ್ಯುಲೇಟರಿನಿಂದ ಹೊರಡುವಾಗ ಅದು ಪಲ್ಸುಗಳ ಸಾಲು. 10 ಕಿಲೋಓಮ್, 100 ನ್ಯಾನೋಫ್ಯಾರಡ್ ಸೇರಿ 160 ಹರ್ಟ್ಸ್‌ಗೆ ಸೋಸುತ್ತವೆ. ಕೆಪಾಸಿಟರ್ ಟ್ಯೂನರ್ ಕಡೆ ಇರಬೇಕು, ಡಿಮಾಡ್ಯುಲೇಟರ್ ಕಡೆಗಲ್ಲ. ಡೇಟಾ ಹೊರಗೊಯ್ಯುವ ಎಂಟು ಗೆರೆ, ಕ್ಲಾಕ್, ಸಿಂಕ್, ವ್ಯಾಲಿಡ್ ಎಲ್ಲಕ್ಕೂ ಹೊರಡುವ ತುದಿಯಲ್ಲಿ 33 ಓಮ್ ಹಾಕಿ, ಡ್ರೈವರಿನ ಶಕ್ತಿಯನ್ನು ರಿಜಿಸ್ಟರಿನಲ್ಲಿ ಕನಿಷ್ಠಕ್ಕಿಡಿ. ಅಂಚು ಏರುವ ಸಮಯ 1 ನ್ಯಾನೋಸೆಕೆಂಡಿನಿಂದ 3ಕ್ಕೆ ಹೋದರೆ ಮೇಲಿನ ಗುಣಕಗಳು ಒಂಬತ್ತೂವರೆ ಡಿಬಿ ಕುಗ್ಗುತ್ತವೆ.

ಟ್ಯೂನರನ್ನು ಮುಚ್ಚುವ ತಗಡಿನ ಡಬ್ಬಿ ಇಷ್ಟೆಲ್ಲ ಆದ ಮೇಲೆ. ಚಿತ್ರದುರ್ಗದವರಿಗೆ ಇದನ್ನು ವಿವರಿಸಬೇಕಿಲ್ಲ: ಏಳು ಸುತ್ತಿನ ಕೋಟೆಗೂ ಹೈದರಾಲಿಯ ಸೈನಿಕರು ನುಸುಳಲು ನೋಡಿದ್ದು ಒಂದು ಕಿಂಡಿಯಿಂದ. ಡಬ್ಬಿಯ ಗೋಡೆ ಎಷ್ಟು ದಪ್ಪ ಎಂಬುದು ಇಲ್ಲಿ ಮುಖ್ಯವಲ್ಲ, ಸಾವಿರ ಮೆಗಾಹರ್ಟ್ಸ್‌ನಲ್ಲಿ ಕರೆಂಟು ತಾಮ್ರದೊಳಗೆ ಇಳಿಯುವುದೇ ಎರಡು ಮೈಕ್ರಾನ್. ಮುಖ್ಯವಾದದ್ದು ಕಿಂಡಿಯ ಉದ್ದ. 2150 ಮೆಗಾಹರ್ಟ್ಸ್‌ನ ಅಲೆಯುದ್ದ 140 ಮಿಲಿಮೀಟರ್. ಅದರ ಇಪ್ಪತ್ತನೇ ಒಂದು ಭಾಗ 7 ಮಿಲಿಮೀಟರ್. ಮುಚ್ಚಳ ಮತ್ತು ಗೋಡೆಯ ನಡುವೆ, ಎರಡು ಬೆಸುಗೆಗಳ ನಡುವೆ 7 ಮಿಲಿಮೀಟರಿಗಿಂತ ಉದ್ದದ ಸಂದು ಇರಬಾರದು. ಬೋರ್ಡಿನ ಒಳಗೆ ಅಲೆ ಅರ್ಧಕ್ಕೆ ಕುಗ್ಗುವುದರಿಂದ ಡಬ್ಬಿಯ ಕೆಳಗಿನ ವಯಾ ಬೇಲಿಗೆ ಮೂರೂವರೆ. ಎಫ್ ಕನೆಕ್ಟರಿನ ಕುತ್ತಿಗೆ ಡಬ್ಬಿಗೆ ಸುತ್ತಲೂ ಬೆಸೆದಿರಬೇಕು. ಎರಡೇ ಕಾಲಿನ ಮೇಲೆ ನಿಂತ ಕನೆಕ್ಟರ್ ಕೇಬಲ್ಲಿನ ಹೊರಜಾಲರಿಯನ್ನೇ ಗದ್ದಲದ ಆಂಟೆನಾ ಮಾಡುತ್ತದೆ. ರಿಪೇರಿಗೆ ಬಿಚ್ಚಿದ ಮುಚ್ಚಳವನ್ನು ಮೇಜಿನ ಕೆಳಗೆ ಬೀಳಿಸಿ ಬಾಕ್ಸ್ ಮುಚ್ಚಿಬಿಡುವುದು ಅಂಗಡಿಗಳಲ್ಲಿ ಮಾಮೂಲು. ಆ ಮುಚ್ಚಳ ಧೂಳಿಗಾಗಿ ಇರುವುದಲ್ಲ.

ಹೊರಗಿನಿಂದ ನುಗ್ಗುವವರೂ ಇದ್ದಾರೆ. ಮೊಬೈಲ್ ಟವರಿನ 1805-1880 ಮೆಗಾಹರ್ಟ್ಸ್ ನೇರವಾಗಿ ನಮ್ಮ 950-2150ರೊಳಗೇ ಬರುತ್ತದೆ. ಟವರ್ ಪಕ್ಕದ ಮನೆಯಲ್ಲಿ, ಜಾಲರಿ ತೆಳುವಾದ ಕೇಬಲ್ಲು ಮತ್ತು ಕೈಯಲ್ಲಿ ತಿರುಚಿ ಹಾಕಿದ ಕನೆಕ್ಟರು ಸೇರಿದರೆ 1800ರ ಆಸುಪಾಸಿನ ಚಾನೆಲ್ಲಿಗೆ ಉಳಿಗಾಲವಿಲ್ಲ. ಒಳ್ಳೆಯ ಆರ್‌ಜಿ-6, ಒತ್ತಿ ಕೂರಿಸುವ ಕಂಪ್ರೆಷನ್ ಕನೆಕ್ಟರ್ ಹಾಕಿದರೆ ಅರ್ಧ ಮುಗಿಯಿತು.

ಹುಡುಕುವ ಕ್ರಮ

ಎಲ್‌ಎನ್‌ಬಿಗೆ ಹೋಗುವ ಡಿಸಿ ಕರೆಂಟನ್ನು ದಾಟಿಸುವ 20 ಡಿಬಿ ಅಟೆನ್ಯುಯೇಟರನ್ನು (ಸಿಗ್ನಲ್ ಕುಗ್ಗಿಸುವ ತುಂಡನ್ನು) ಎಲ್‌ಎನ್‌ಬಿ ಕೇಬಲ್ಲಿಗೂ ಬಾಕ್ಸಿಗೂ ನಡುವೆ ಹಾಕಿ, ಪ್ರತಿ ಟ್ರಾನ್ಸ್‌ಪಾಂಡರಿನ ಕ್ವಾಲಿಟಿಯನ್ನು ಎಚ್‌ಡಿಎಂಐ ಇದ್ದಾಗ ಒಮ್ಮೆ, ಕಿತ್ತಾಗ ಒಮ್ಮೆ ಬರೆದುಕೊಳ್ಳಿ. ವ್ಯತ್ಯಾಸ ದೊಡ್ಡದಿರುವ ಸಾಲುಗಳು ಗುಣಾಕಾರದ ಹಾಳೆಯೊಂದಿಗೆ ತಾಳೆಯಾಗಬೇಕು. ರೆಸಲ್ಯೂಷನ್ 576ಪಿಗೆ ಇಳಿಸಿ ಮತ್ತೊಮ್ಮೆ ಓದಿ. ಆಗ ಎಚ್‌ಡಿಎಂಐ ಕ್ಲಾಕ್ 27 ಆಗುತ್ತದೆ, 1336.5ರ ಮುಳ್ಳು ಮಾಯವಾಗಬೇಕು. ಮಾಯವಾಗದಿದ್ದರೆ ಅನುಮಾನ ಮೆಮೊರಿಯ ಕಡೆಗೆ ತಿರುಗಿಸಿ.

ಜಾಗ ಪತ್ತೆಗೆ ದುಬಾರಿ ಯಂತ್ರ ಬೇಕಿಲ್ಲ. ಆರ್820ಟಿ ಚಿಪ್ಪಿನ ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್ (ಕಂಪ್ಯೂಟರಿಗೆ ಸಿಕ್ಕಿಸುವ ಸಣ್ಣ ರೇಡಿಯೋ ರಿಸೀವರ್) 1766 ಮೆಗಾಹರ್ಟ್ಸ್‌ವರೆಗೆ ಕೇಳುತ್ತದೆ. ತೆಳು ಕೋಆಕ್ಸಿಯಲ್ ಕೇಬಲ್ಲಿನ ತುದಿಯ ಒಳತಂತಿಯನ್ನು ಬೆರಳುಗುರಿನಷ್ಟು, ಸುಮಾರು 10 ಮಿಲಿಮೀಟರ್ ಉಂಗುರ ಮಾಡಿ ಹೊರಜಾಲರಿಗೆ ಬೆಸೆಯಿರಿ, ತಾಗದಂತೆ ಟೇಪ್ ಸುತ್ತಿ ಬೋರ್ಡಿನ ಮೇಲೆ ನಿಧಾನ ಓಡಿಸಿ. 1333 ಮತ್ತು 1350ರಲ್ಲಿ ಗೆರೆ ಎಲ್ಲಿ ದಪ್ಪವಾಗುತ್ತದೋ ಅಲ್ಲಿ ನಿಲ್ಲಿ. ಡಬ್ಬಿಯ ಸಂದಿನ ಮೇಲೂ ಓಡಿಸಿ, ಸೋರುವ ಜಾಗದಲ್ಲಿ ಅದು ಕೂಗಿ ಹೇಳುತ್ತದೆ.

ಡಿಶ್ ಬಿಚ್ಚಿ ಬಾಕ್ಸಿನ ಸ್ವಂತ ಗದ್ದಲವನ್ನಷ್ಟೇ ಅಳೆಯಲು ಎಫ್ ಸಾಕೆಟ್ಟಿಗೆ 75 ಓಮ್ ಟರ್ಮಿನೇಟರ್ ಹಾಕುವವರು ಒಂದು ಎಚ್ಚರ ವಹಿಸಬೇಕು. ಆ ಸಾಕೆಟ್ಟಿನಲ್ಲಿ 18 ವೋಲ್ಟ್ ಇರುತ್ತದೆ. 75 ಓಮ್ ಮೇಲೆ ಅದು 4.3 ವ್ಯಾಟ್, ಸಣ್ಣ ಟರ್ಮಿನೇಟರ್ ಹೊಗೆಯಾಡಿ ಹೋಗುತ್ತದೆ. ಮೊದಲು ಮೆನುವಿನಲ್ಲಿ ಎಲ್‌ಎನ್‌ಬಿ ಪವರ್ ಆಫ್ ಮಾಡಿ, ಇಲ್ಲವೇ ನಡುವೆ ಡಿಸಿ ಬ್ಲಾಕ್ ಇಡಿ. ಆಮೇಲೆ 950ರಿಂದ 2150ರವರೆಗೆ 2 ಮೆಗಾಹರ್ಟ್ಸ್‌ಗೊಂದರಂತೆ ಆರುನೂರು ಎಜಿಸಿ ಓದು ತೆಗೆಯಿರಿ. ಗೆರೆ ನೆಟ್ಟಗೆ ಹೋಗಬೇಕು. ಎಲ್ಲಿ ಉಬ್ಬು ಎದ್ದಿದೆಯೋ ಅದರ ಅಂಕಿಯನ್ನು 27ರಿಂದ, 25ರಿಂದ, 74.25ರಿಂದ, 666.7ರಿಂದ ಭಾಗಿಸಿ ನೋಡಿ. ಯಾವುದರಿಂದ ಶೇಷವಿಲ್ಲದೆ ಭಾಗವಾಗುತ್ತದೋ ಅದರ ಗೆರೆಯನ್ನೇ ಬೋರ್ಡಿನ ಮೇಲೆ ಮೊದಲು ಹುಡುಕಿ.